ಮರಳು ಹೇಳಿದ್ದನ್ನು ಕೇಳದ ನ್ಯಾಯ

1980ರ ಆಗಸ್ಟ್ 17ರ ರಾತ್ರಿ, ಮಧ್ಯ ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ ಡೇರೆಯೊಂದರಿಂದ ಒಂಬತ್ತು ವಾರದ ಹಸುಳೆ ಅಜಾರಿಯಾ ಕಣ್ಮರೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಒಯ್ದಿತೆಂದು ತಾಯಿ ಲಿಂಡಿ ಚೇಂಬರ್ಲೇನ್ ಹೇಳಿದರು. ಹೆಜ್ಜೆಗುರುತು ಓದಬಲ್ಲ ಮೂಲನಿವಾಸಿಗಳು ಮರಳಿನಲ್ಲಿ ಡಿಂಗೊ ಭಾರ ಹೊತ್ತು ನಡೆದ ಜಾಡನ್ನು ಕಂಡಿದ್ದರು. ಡಿಂಗೊಗಳು ಮನುಷ್ಯರಿಗೆ ಅಂಜದಂತಾಗಿವೆ ಎಂದು ಅಲ್ಲಿನ ಮುಖ್ಯ ವನಪಾಲಕರು ಮೊದಲೇ ಎಚ್ಚರಿಸಿದ್ದರು.

ಆದರೂ 1982ರಲ್ಲಿ ಡಾರ್ವಿನ್ ನಗರದ ನ್ಯಾಯಾಲಯ ತಾಯಿಗೆ ಕೊಲೆಯ ಆರೋಪದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಜಾಡಿಗಿಂತ ಕಾರಿನೊಳಗಿನ ಕಲೆ ಹೆಚ್ಚಾಯಿತು. ಶಿಶುವಿನ ರಕ್ತವೆಂದು ಪ್ರಯೋಗಾಲಯ ಹೇಳಿದ ಆ ತುಂತುರು ಕಾರ್ಖಾನೆಯಲ್ಲಿ ಸಿಂಪಡಿಸಿದ್ದ ಸದ್ದಡಗಿಸುವ ಲೇಪವೆಂದು ಬಳಿಕ ತಿಳಿಯಿತು. ಅದೇ ಮಾದರಿಯ ಇನ್ನೊಂದು ಕಾರನ್ನು ಪರೀಕ್ಷಿಸಿದ್ದರೆ ಸಾಕಿತ್ತು. ಗೊಬ್ಬರ ಹಾಕದ ಪಟ್ಟಿಯೊಂದನ್ನು ಬಿಟ್ಟು ಬೆಳೆ ಹೋಲಿಸುವ ರೈತನಿಗೂ ತಿಳಿದ ಕ್ರಮವಿದು.

1983 ಮತ್ತು 1984ರ ಮೇಲ್ಮನವಿಗಳು ತಿರಸ್ಕೃತವಾದವು. 1986ರ ಫೆಬ್ರವರಿಯಲ್ಲಿ, ಬೇರೊಬ್ಬರ ಶವದ ಹುಡುಕಾಟದ ನಡುವೆ, ಮಗುವಿನ ಅಂಗಿ ಬಂಡೆಯ ಬುಡದಲ್ಲಿ ಸಿಕ್ಕಿತು. ತಾಯಿಯ ಬಿಡುಗಡೆಯಾಯಿತು. ವಿಚಾರಣಾ ಆಯೋಗವೊಂದು ಸಾಕ್ಷ್ಯವನ್ನೆಲ್ಲ ಮರುಪರಿಶೀಲಿಸಿದ ಮೇಲೆ, 1988ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತು. ಮರಣ ದಾಖಲೆಯಲ್ಲಿ ಡಿಂಗೊವಿನ ಹೆಸರು ಸೇರಲು 2012ರವರೆಗೆ ಕಾಯಬೇಕಾಯಿತು.

ಈ ತೀರ್ಪಿನ ನಷ್ಟ ಒಂದೇ ಕುಟುಂಬದ್ದಲ್ಲ. ತಾಯಿಯೇ ಅಪರಾಧಿಯೆಂದ ಮೇಲೆ, ಪ್ರವಾಸಿಗರ ಆಹಾರಕ್ಕೆ ಒಗ್ಗಿದ ಕಾಡುಪ್ರಾಣಿಯ ಅಪಾಯವನ್ನು ಯಾರು ಗಂಭೀರವಾಗಿ ಎಣಿಸಿಯಾರು? 2001ರ ಏಪ್ರಿಲ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಫ್ರೇಸರ್ ದ್ವೀಪದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಡಿಂಗೊಗಳಿಗೆ ಬಲಿಯಾದ.