ಸೊರಗುತ್ತಿರುವ ಕ್ರಿಯಾಪದ

ತರುಣರ ಮಾತಿನಲ್ಲಿಯೂ ಬರಹದಲ್ಲಿಯೂ ವ್ಯಾಕರಣವು ಶಿಥಿಲವಾಗುತ್ತಿದೆಯೆಂಬ ದೂರು ಹಿರಿಯರ ಬಾಯಲ್ಲಿ ಪದೇ ಪದೇ ಕೇಳಿಬರುತ್ತಿದೆ. ಆದರೆ ಆ ದೂರಿನ ಬಹುಭಾಗವು ಅಕಾರ ಹಕಾರಗಳು ಅದಲುಬದಲಾಗುವುದು, ಮಹಾಪ್ರಾಣಗಳು ಲೋಪವಾಗುವುದು, ‘ಬರುವುದಿಲ್ಲ’ ಎಂಬುದು ‘ಬರಲ್ಲ’ ಎಂದು ಮೊಟಕಾಗುವುದು ಮುಂತಾದ ಸಂಗತಿಗಳನ್ನೇ ಕುರಿತದ್ದಾಗಿರುವುದರಿಂದ, ಅದನ್ನು ನನ್ನ ಮನಸ್ಸು ಪೂರ್ಣವಾಗಿ ಒಪ್ಪುವುದಿಲ್ಲ. 1260ರ ಸುಮಾರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಶ್ರಮವಹಿಸಿ ಗುರುತಿಸಿಟ್ಟನಾದರೂ ಆ ಅಕ್ಷರವು ನಮ್ಮ ನಾಲಗೆಯಿಂದ ಜಾರಿಯೇ ಹೋಯಿತು, ‘ಪಾಲ್’ ಎಂಬುದು ‘ಹಾಲು’ ಆಯಿತು, ‘ಬಾರೆನು’, ‘ಮಾಡೆನು’ ಎಂಬ ನಿಷೇಧರೂಪಗಳನ್ನು, ಇಂದು ತರುಣರಿಗೆ ಬುದ್ಧಿ ಹೇಳುವ ನಮ್ಮ ತಲೆಮಾರಿನವರೇ ಮನೆಮಾತಿನಲ್ಲಿ ಉಳಿಸಿಕೊಳ್ಳಲಿಲ್ಲ. ಇಷ್ಟಾಗಿಯೂ ಕನ್ನಡವು ಬಡವಾಗಲಿಲ್ಲ.

ನನಗೆ ಕಳವಳವನ್ನುಂಟುಮಾಡುವ ಬದಲಾವಣೆಯು ಬೇರೆಯದು, ಮತ್ತು ಅದನ್ನು ಕುರಿತು ಯಾರೂ ಅಷ್ಟಾಗಿ ಮಾತನಾಡುತ್ತಿಲ್ಲ. ನಗರದ ಯಾವ ಮನೆಯಲ್ಲಾದರೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರೆ, ಬಟ್ಟೆಯನ್ನು ‘ವಾಶ್ ಮಾಡು’, ಪಾತ್ರೆಯನ್ನು ‘ವಾಶ್ ಮಾಡು’, ಕೈಕಾಲನ್ನೂ ‘ವಾಶ್ ಮಾಡು’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಬಟ್ಟೆಯನ್ನು ಒಗೆಯುವುದು, ಪಾತ್ರೆಯನ್ನು ಬೆಳಗುವುದು, ಕೈಕಾಲನ್ನು ತೊಳೆಯುವುದು ಎಂದು ಮೂರು ಕೆಲಸಗಳಿಗೆ ಮೂರು ಧಾತುಗಳನ್ನು ಇಟ್ಟುಕೊಂಡು, ಒಂದೊಂದರಲ್ಲಿಯೂ ಕೈಯ ಬೇರೆ ಬೇರೆ ಚಲನೆಯನ್ನು ಕಾಣಿಸುತ್ತಿದ್ದ ಭಾಷೆಗೆ, ಈಗ ಒಂದೇ ‘ಮಾಡು’ ಸಾಕೆನಿಸಿದೆ. ಕಾಯುವುದು ‘ವೆಯ್ಟ್ ಮಾಡು’ವುದಾಗಿದೆ, ಹುಡುಕುವುದು ‘ಸರ್ಚ್ ಮಾಡು’ವುದಾಗಿದೆ.

ಇದು ಕೇವಲ ಶಬ್ದಕೋಶದ ನಷ್ಟವೆಂದು ತಿಳಿಯುವುದು ಸರಿಯಲ್ಲ. ಇಲ್ಲಿ ವ್ಯಾಕರಣವೇ ಕರಗುತ್ತಿದೆ. ಕೀಳು ಎಂಬುದರಿಂದ ಕಿತ್ತನು, ಹೊರು ಎಂಬುದರಿಂದ ಹೊತ್ತನು, ಅಳು ಎಂಬುದರಿಂದ ಅತ್ತನು, ಸೋಲು ಎಂಬುದರಿಂದ ಸೋತನು, ಮೀ ಎಂಬುದರಿಂದ ಮಿಂದನು, ಹೀಗೆ ಭೂತಕಾಲಕ್ಕೆ ಹೋಗುವಾಗ ಒಂದೊಂದು ಧಾತುವೂ ಹಿಡಿಯುವ ಸ್ವಂತದ ದಾರಿಯನ್ನು ಮಗುವು ಕೇಳಿ ಕೇಳಿ ಕಲಿಯಬೇಕೇ ಹೊರತು ಸೂತ್ರದಿಂದ ಕಲಿಯಲಾರದು. ಕಿವಿಗೆ ಬೀಳುವ ಭೂತಕಾಲವೆಲ್ಲ ‘ಮಾಡಿದ’ ಎಂಬ ಒಂದೇ ರೂಪವಾದರೆ ಉಳಿದವು ಎಲ್ಲಿಂದ ಬಂದಾವು? ಬುದ್ಧಿವಂತರಾದ ಮಕ್ಕಳೇ ‘ಹಲ್ಲು ಕೀಳಿದರು’, ‘ಚೀಲ ಹೊರಿದೆ’ ಎಂದು ತಡವರಿಸುವುದನ್ನು ಕೇಳಿ ನಾನು ನೊಂದಿದ್ದೇನೆ. ಆ ಮಕ್ಕಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಕೇಳದ ಮಾತನ್ನು ಯಾರೂ ಆಡಲಾರರು.

ನಾಮಪದಕ್ಕೆ ‘ಮಾಡು’ವನ್ನು ಸೇರಿಸುವ ಪದ್ಧತಿಯು ಹೊಸದೇನಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ‘ಸ್ನಾನ ಮಾಡು’, ‘ಖರ್ಚು ಮಾಡು’ ಎಂಬವು ನಮ್ಮವೇ ಆಗಿ ಬಹುಕಾಲವಾದದ್ದು ನಿಜ. ಆದರೆ ಪರಭಾಷೆಯಿಂದ ಬಂದುದನ್ನು ಅಚ್ಚ ಕನ್ನಡದ ಕ್ರಿಯಾಪದವನ್ನಾಗಿಯೇ ಪರಿವರ್ತಿಸಿಕೊಳ್ಳುವ ‘ಇಸು’ ಎಂಬ ಪ್ರತ್ಯಯವೂ ನಮ್ಮಲ್ಲಿದೆ. ಸಂಸ್ಕೃತದಿಂದ ಪೂಜಿಸು, ಸ್ಮರಿಸು, ಭಾವಿಸು ಎಂಬವೂ, ಪಾರಸಿಯ ಸಂಪರ್ಕದಿಂದ ರವಾನಿಸು ಎಂಬುದೂ ಬಂದು ನೆಲೆಸಿದ್ದು ಈ ಬಾಗಿಲಿನಿಂದಲೇ. ಸಂತೋಷದ ವಿಷಯವೆಂದರೆ ಈ ಬಾಗಿಲು ಇನ್ನೂ ಮುಚ್ಚಿಲ್ಲ: ‘ಕ್ಲಿಕ್ಕಿಸು’, ‘ಗೂಗಲಿಸು’ ಎಂಬ ರೂಪಗಳು ಈ ಕಾಲದ ಬರಹದಲ್ಲಿಯೇ ಹುಟ್ಟಿ, ಕ್ಲಿಕ್ಕಿಸಿದ ಚಿತ್ರ, ಗೂಗಲಿಸಿ ನೋಡು, ಎಂದು ಕನ್ನಡದ ಕೃದಂತಗಳಾಗಿ ಸಲೀಸಾಗಿ ನಡೆಯುತ್ತಿವೆ. ಇವನ್ನು ಅಶುದ್ಧವೆಂದು ದೂರವಿಡುವವರಿಗಿಂತ, ಇವನ್ನು ಟಂಕಿಸಿದವರಿಗೆ ಭಾಷೆಯ ಮರ್ಮವು ಹೆಚ್ಚು ತಿಳಿದಿದೆಯೆಂದು ನಾನು ನಂಬುತ್ತೇನೆ.

ಕೇಶಿರಾಜನು ಧಾತುಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟನು. ನಮ್ಮ ಶಾಲೆಗಳಲ್ಲಿಯಾದರೋ ವ್ಯಾಕರಣವೆಂದರೆ ಇದು ಯಾವ ಸಂಧಿ, ಇದು ಯಾವ ಸಮಾಸ ಎಂದು ಹೆಸರಿಸಿ ಅಂಕ ಗಳಿಸುವ ವಿದ್ಯೆಯಾಗಿದೆ. ಸವರ್ಣದೀರ್ಘ ಸಂಧಿಯನ್ನು ಕ್ಷಣಮಾತ್ರದಲ್ಲಿ ಗುರುತಿಸುವ ವಿದ್ಯಾರ್ಥಿಗೆ, ‘ಮಾಡು’ ಎಂಬ ಧಾತುವನ್ನು ಒಮ್ಮೆಯೂ ಬಳಸದೆ ತನ್ನ ಮನೆಯ ಅಡುಗೆಯನ್ನು ವರ್ಣಿಸಿ ಒಂದು ಪುಟ ಬರೆಯಲು ಹೇಳಿನೋಡಬೇಕು. ಕೇರುವುದು, ಸೋಸುವುದು, ಹೆಚ್ಚುವುದು, ತುರಿಯುವುದು, ರುಬ್ಬುವುದು, ನಾದುವುದು, ಲಟ್ಟಿಸುವುದು, ಬಸಿಯುವುದು, ಇವುಗಳಲ್ಲಿ ಎಷ್ಟನ್ನು ಅವನು ಬಲ್ಲನೆಂಬುದು ಗುರುಗಳಿಗೆ ಒಂದೇ ತರಗತಿಯಲ್ಲಿ ತಿಳಿದುಬರುತ್ತದೆ. ತಿಳಿಯದ್ದನ್ನು ಅವನು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದುಕೊಂಡು ಬರಲಿ.