ಹೊಟ್ಟೆಯೊಳಗಿನ ಕೂಸು ಸುಮ್ಮನಾದಾಗ



ಈ ತಿಂಗಳು ನಾನು ಬರೆಯಹೊರಟಿರುವುದು ಗಂಡಸರು ಬಾಯಿಬಿಡಲು ಸಂಕೋಚಪಡುವ ವಿಷಯ. ನನ್ನ ಸೊಸೆಗೆ ಈಗ ಏಳನೆಯ ತಿಂಗಳು. ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಆದೋನಿ ಪೇಟೆಯ ಹತ್ತಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತವನು. ಆದರೆ ಬಸುರಿಯನ್ನು ಆಸ್ಪತ್ರೆಗೆ ತೋರಿಸಬೇಕೋ ಬೇಡವೋ, ಇಂದೋ ನಾಳೆಯೋ ಎಂದು ತೀರ್ಮಾನ ಮಾಡುವವರು ನಮ್ಮ ಮನೆಗಳಲ್ಲಿ ಯಾರು? ಮಾವ, ಅತ್ತೆ, ಗಂಡ. ಅಂದ ಮೇಲೆ ಈ ವಿಷಯ ನಮಗೂ ಗೊತ್ತಿರಲೇಬೇಕು.

ಲೆಕ್ಕದಿಂದಲೇ ಶುರು ಮಾಡುತ್ತೇನೆ. ಜೀವವು ಗರ್ಭದಲ್ಲಿ ಇರುವುದು ಒಂಬತ್ತು ತಿಂಗಳು ಏಳೂವರೆ ದಿನ ಎಂದು ನಮ್ಮ ಶ್ವೇತಾಂಬರ ಆಗಮಗಳು ಹೇಳುತ್ತವೆ. ಮೂವತ್ತು ದಿನದ ತಿಂಗಳಿನಂತೆ ಕೂಡಿದರೆ 277½ ದಿನ. ಡಾಕ್ಟರರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 280 ದಿನ, ಅಂದರೆ 40 ವಾರ ಎನ್ನುತ್ತಾರೆ. ಎರಡು ಲೆಕ್ಕಕ್ಕೂ ಹೆಚ್ಚು ಅಂತರವಿಲ್ಲ. ಆದ್ದರಿಂದ ಮುಟ್ಟು ನಿಂತ ತಾರೀಖನ್ನು ಬರೆದಿಡುವುದು ಮೊದಲ ಕೆಲಸ. ಆ ತಾರೀಖು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲ ಮೂರು ತಿಂಗಳು ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಎಲ್ಲವೂ ನಡೆದಿರುತ್ತದೆ. ಆರೇಳು ವಾರಕ್ಕೆ ಹೃದಯದ ಬಡಿತ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಮೂರು ತಿಂಗಳು ತುಂಬುವಾಗ ಕೂಸು ಎರಡೂವರೆ ಅಂಗುಲವೂ ಇರುವುದಿಲ್ಲ, ಆದರೆ ಕೈ, ಕಾಲು, ಬೆರಳು ಮೂಡಿರುತ್ತವೆ. ತಾಯಿಗೆ ವಾಕರಿಕೆ, ವಾಂತಿ, ದಣಿವು. ಸೋಮಾರಿತನವೆಂದು ಅತ್ತೆಯಂದಿರು ಹೇಳಬಾರದು. ಪೋಲಿಕ್ ಆಸಿಡ್ ಮಾತ್ರೆ ಬೇಕಾಗುವುದು ಈ ಕಾಲದಲ್ಲೇ. ಕೂಸಿನ ಬೆನ್ನುಹುರಿ ಸರಿಯಾಗಿ ಕೂಡಲು ಅದು ನೆರವಾಗುತ್ತದೆ.

ನಾಲ್ಕರಿಂದ ಆರನೆಯ ತಿಂಗಳು ತಾಯಿಗೆ ಕೊಂಚ ಹಗುರು. ಈ ಕಾಲದಲ್ಲಿ ಆಕೆಯ ಮೈಯ ರಕ್ತ ಹೆಚ್ಚುತ್ತಾ ಹೋಗುತ್ತದೆ. ಕೊನೆಗೆ ಹಿಂದಿದ್ದುದಕ್ಕಿಂತ ಹತ್ತಿರ ಹತ್ತಿರ ಅರ್ಧದಷ್ಟು ಅಧಿಕವಾಗಿರುತ್ತದೆ. ಅಷ್ಟು ರಕ್ತಕ್ಕೆ ಕಬ್ಬಿಣಾಂಶ ಎಲ್ಲಿಂದ ಬರಬೇಕು? ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡಿತು. ಇದು ಬಡವರ ಮನೆಯ ರೋಗವೆಂದು ನಾವು ತಿಳಿದಿದ್ದೇವೆ. ನನ್ನ ಸೊಸೆಗೆ ಐದನೆಯ ತಿಂಗಳಲ್ಲಿ 8.4 ಇತ್ತು. ಮನೆಯಲ್ಲಿ ತುಪ್ಪ, ಬಾದಾಮಿ ಯಾವುದಕ್ಕೂ ಕೊರತೆ ಇರಲಿಲ್ಲ.

ಕಾರಣ ಹುಡುಕಿದಾಗ ತಿಳಿಯಿತು. ಆಕೆ ಚಾತುರ್ಮಾಸವೆಂದು ಸೊಪ್ಪು ಬಿಟ್ಟಿದ್ದಳು. ಚೌವಿಹಾರ ಪಾಲಿಸುತ್ತಾ ಸಂಜೆಯ ಮೇಲೆ ನೀರೂ ಕುಡಿಯುತ್ತಿರಲಿಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುತ್ತಿದ್ದಳು. ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ ಕೊಡಲು ಶುರು ಮಾಡಿದೆವು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟೆವು. ಹೆಸರು, ಕಡಲೆ, ಎಳ್ಳು, ಶೇಂಗಾ, ಜೋಳದ ರೊಟ್ಟಿ ನಮ್ಮ ಧರ್ಮಕ್ಕೂ ಸಲ್ಲುತ್ತವೆ, ಬಸುರಿಗೂ ಸಲ್ಲುತ್ತವೆ. ಶಾಕಾಹಾರಿಗಳಿಗೆ ಬಿ-12 ಸಿಗುವುದು ಹಾಲು ಮೊಸರಿನಿಂದಲೇ. ಆದ್ದರಿಂದ ಬಸುರಿಯರಿಗೆ ಹಾಲು ಮೊಸರು ಬಿಡಿಸುವ ಆಯಂಬಿಲ್ ಬೇಡ, ಅಠಾಯಿಯಂತೂ ಬೇಡವೇ ಬೇಡ. ತಪಸ್ಸಿಗೆ ಆಯುಷ್ಯವಿಡೀ ಇದೆ. ತ್ರಿಶಲಾ ಮಾತೆಯೂ ಗರ್ಭಿಣಿಯಾಗಿದ್ದಾಗ ಅತಿ ಬಿಸಿಯಲ್ಲದ, ಅತಿ ತಣ್ಣಗಲ್ಲದ, ಗರ್ಭಕ್ಕೆ ಹಿತವಾದ ಆಹಾರವನ್ನೇ ಸೇವಿಸುತ್ತಿದ್ದಳೆಂದು ಕಲ್ಪಸೂತ್ರದಲ್ಲಿದೆ. ನಾವು ಅದನ್ನು ಪ್ರತಿ ಪರ್ಯುಷಣದಲ್ಲಿ ಕೇಳುತ್ತೇವೆ, ಮನೆಗೆ ಬಂದು ಮರೆಯುತ್ತೇವೆ.

ಐದನೆಯ ತಿಂಗಳ ಸುಮಾರಿಗೆ ಕೂಸು ಅಲುಗಾಡುವುದು ತಾಯಿಗೆ ತಿಳಿಯುತ್ತದೆ. ಆಗ ಅದರ ತೂಕ ಮುನ್ನೂರು ಗ್ರಾಮಿನ ಆಸುಪಾಸು. ಏಳು ತಿಂಗಳಿಗೆ ಒಂದು ಕಿಲೋ ದಾಟುತ್ತದೆ, ಹುಟ್ಟುವಾಗ ಎರಡೂವರೆಯಿಂದ ಮೂರು ಕಿಲೋ. ಏಳರಿಂದ ಮುಂದೆ ಪ್ರತಿ ಕೂಸಿಗೂ ತನ್ನದೇ ವೇಳಾಪಟ್ಟಿ ಇರುತ್ತದೆ. ಒಂದು ಊಟದ ನಂತರ ಒದೆಯುತ್ತದೆ, ಇನ್ನೊಂದು ರಾತ್ರಿ ಮಲಗಿದಾಗ. ಅದು ತಾಯಿಗೆ ಮಾತ್ರ ಗೊತ್ತು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕಾಗಿದೆ. ಬರೆಯಲೇ ಎಂದು ನಮ್ಮ ಮನೆಯವಳನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೀರಿ” ಎಂದಳು.

1986ರ ವೈಶಾಖ. ಆಕೆಗೆ ಚೊಚ್ಚಲು, ಒಂಬತ್ತರಲ್ಲಿ ಬಿದ್ದಿತ್ತು. ಮನೆಯಲ್ಲಿ ನನ್ನ ತಂಗಿಯ ಮದುವೆ. ಬೆಳಿಗ್ಗೆ ಆಕೆ ನನ್ನ ತಾಯಿಗೆ, “ಅತ್ತೀ, ನಿನ್ನೆಯಿಂದ ಕೂಸು ಹೊರಳಿಲ್ಲ” ಎಂದಳು. ನನ್ನ ತಾಯಿ ಕೆಟ್ಟವರಲ್ಲ. “ದಿನ ತುಂಬುತ್ತಾ ಬಂದಾಗ ಜಾಗ ಸಾಲದು, ಸುಮ್ಮನಾಗತದೆ” ಎಂದರು. ಅವರಿಗೆ ಅವರ ಹಿರಿಯರು ಹೇಳಿದ್ದೇ ಅದು. ಆಕೆ ನನಗೂ ಹೇಳಿದಳು. ನಾನು ಬೀಗರನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೊರಟಿದ್ದೆ. “ಮದುವೆ ಮುಗಿಯಲಿ, ನಾಳೆ ತೋರಿಸೋಣ” ಎಂದೆ. ಮಾರನೆಯ ದಿನ ತೋರಿಸಿದೆವು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು, ಜಾಗ ಬದಲಿಸಿ ಮತ್ತೆ ಆಲಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದರು. ಹೆಣ್ಣು ಕೂಸು. ಮುಖ ನಿದ್ದೆ ಮಾಡುತ್ತಿರುವಂತಿತ್ತು. ಹಿಂದಿನ ದಿನವೇ ಹೋಗಿದ್ದರೆ ಉಳಿಯುತ್ತಿತ್ತೆಂದು ಯಾರೂ ಖಾತ್ರಿ ಕೊಡಲಾರರು. ಆದರೆ ಆ “ನಾಳೆ” ನನ್ನದು. ನನ್ನ ಖಾತೆಯಲ್ಲಿ ಆ ಬಾಕಿ ಇಂದಿಗೂ ತೀರಿಲ್ಲ.

ಕಲ್ಪಸೂತ್ರದ ಕಥೆ ನಿಮಗೆಲ್ಲ ಗೊತ್ತು. ತಾಯಿಗೆ ನೋವಾಗಬಾರದೆಂದು ಗರ್ಭದಲ್ಲಿದ್ದ ಮಹಾವೀರ ಭಗವಾನರು ಅಲುಗಾಡದೆ ಸ್ಥಿರರಾದರು. ತನ್ನ ಗರ್ಭಕ್ಕೆ ಏನಾಯಿತೋ ಎಂದು ತ್ರಿಶಲಾ ಮಾತೆ ಶೋಕಿಸಿದಳು. ಅರಮನೆಯ ಹಾಡು, ವಾದ್ಯ ಎಲ್ಲವೂ ನಿಂತವು. ಅದನ್ನು ಅರಿತು ಭಗವಾನರು ಒಂದಿಷ್ಟು ಅಲುಗಾಡಿದಾಗ ತಾಯಿಯ ಜೀವ ಬಂತು. ಅಲ್ಲಿ ಒಬ್ಬ ತಾಯಿಯ ಆತಂಕಕ್ಕೆ ಇಡೀ ಅರಮನೆಯ ಸಂಗೀತ ನಿಂತಿತು. ನಮ್ಮ ಮನೆಯಲ್ಲಿ ಮದುವೆಯ ವಾಲಗ ನಿಲ್ಲಲಿಲ್ಲ.

ಕೊನೆಯಲ್ಲಿ ಕೂಸಿನ ಚಲನೆ ಕಡಿಮೆಯಾಗುವುದು ಸಹಜವೆಂಬುದು ತಪ್ಪು ತಿಳುವಳಿಕೆ. ಒದೆತದ ಬಗೆ ಬದಲಾಗಬಹುದು, ಆದರೆ ಹೆರಿಗೆಯವರೆಗೂ ಅಲುಗಾಡುತ್ತಲೇ ಇರಬೇಕು. ಸಂಶಯ ಬಂದರೆ ತಾಯಿ ಏನಾದರೂ ತಿಂದು ಎಡಮಗ್ಗುಲಿಗೆ ಮಲಗಿ ಎಣಿಸಲಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗಾಡದಿದ್ದರೆ, ಅಥವಾ ದಿನದ ರೂಢಿಗಿಂತ ಕಡಿಮೆ ಎಂದು ಆಕೆಗೆ ಅನಿಸಿದರೂ ಸಾಕು, ಅದೇ ಗಳಿಗೆ ಹೊರಡಿ. ಮುಖ ಕೈ ಊದಿಕೊಳ್ಳುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ರಕ್ತಸ್ರಾವ, ನೀರು ಹೋಗುವುದು, ಜ್ವರ ಇವಕ್ಕೂ ಇದೇ ಮಾತು. ರಕ್ತದೊತ್ತಡ 140/90 ಮುಟ್ಟಿದರೆ ಸುಮ್ಮನಿರಬಾರದು. ನಮ್ಮ ಕಡೆ ದೊಡ್ಡ ಆಸ್ಪತ್ರೆಯೆಂದರೆ ಕರ್ನೂಲು, ಇಲ್ಲವೇ ಬಳ್ಳಾರಿ. ಕರ್ನೂಲಿಗೆ ಸುಮಾರು ನೂರು ಕಿಲೋಮೀಟರು. ಆದ್ದರಿಂದ ಎಂಟನೆಯ ತಿಂಗಳಲ್ಲೇ ಗಾಡಿ, ಹಣ, ರಕ್ತ ಕೊಡುವವರು ಎಲ್ಲ ಗೊತ್ತುಮಾಡಿಡಿ. 2005ರಿಂದ ಆಂಧ್ರದಲ್ಲಿ 108 ಗಾಡಿ ಇದೆ. ಕರೆದರೆ ದುಡ್ಡು ಕೇಳುವುದಿಲ್ಲ.

ಇನ್ನೊಂದು ಮಾತು. ನಮ್ಮ ಜಿನ್ನಿಂಗ್ ಮಿಲ್ಲುಗಳಲ್ಲಿ, ಗೋದಾಮುಗಳಲ್ಲಿ ಬಸುರಿ ಹೆಂಗಸರೂ ದುಡಿಯುತ್ತಾರೆ. ಕೋಸಿಗಿ, ಆಲೂರು ಕಡೆಯವರು ಸುಗ್ಗಿಯಲ್ಲಿ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ವಲಸೆ ಹೋಗಿ ತಪಾಸಣೆ ತಪ್ಪಿಸಿಕೊಳ್ಳುತ್ತಾರೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ಕೂಲಿ ಹಿಡಿಯದೆ ಅವರನ್ನು ಕಳಿಸಿಕೊಡಿ. ಜೀವದಯೆ ಎಂದು ಪಾಂಜರಪೋಳಕ್ಕೆ ಚೀಟಿ ಬರೆಯುವ ಕೈ ಇಷ್ಟನ್ನೂ ಮಾಡಬಹುದು.

ಮೊನ್ನೆಯ ತಪಾಸಣೆಯಲ್ಲಿ ಸೊಸೆಯ ಹಿಮೋಗ್ಲೋಬಿನ್ 10.6ಕ್ಕೆ ಬಂದಿದೆ. ರಾತ್ರಿ ಊಟವಾದ ಮೇಲೆ ಮನೆಯವಳು ಆಕೆಯ ಪಕ್ಕ ಕೂತು, “ಈಗ ಎಷ್ಟಾಯಿತಮ್ಮಾ?” ಎಂದು ಕೇಳುತ್ತಾಳೆ. “ಎಂಟು ಆಯ್ತು ಅತ್ತೀ” ಎಂದು ಉತ್ತರ ಬರುತ್ತದೆ. ಹತ್ತು ಎನ್ನುವವರೆಗೆ ನಾನು ದೀಪ ಆರಿಸುವುದಿಲ್ಲ.