ಗುಡ್ಡ ಹೇಳಿದ್ದು, ನಕ್ಷೆ ತೋರಿದ್ದು

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಹಿಂದಿನ ನಿಶ್ಚಿಂತೆ ಈಗ ಉಳಿದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಸಾಲುಸಾಲಾಗಿ ಜಾರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು, 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯ ತೋಟಗಳು ಮಣ್ಣಿನಡಿಗೆ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜಾರಿದ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಯವರೆಗೆ ಮಣ್ಣನ್ನು ತಳ್ಳಿತು. ಎರಡೇ ವಾರಗಳಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕೈ ಮತ್ತು ಚೂರಲ್‌ಮಲ ಗ್ರಾಮಗಳು ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡವು.

ಇಂತಹ ದುರಂತಗಳ ಬಳಿಕ ತಜ್ಞರು ಬೆಟ್ಟವನ್ನೇರುತ್ತಾರೆ. ದಿಕ್ಸೂಚಿ ಹಿಡಿದು ಶಿಲಾಪದರಗಳ ಬಾಗನ್ನು ಅಳೆಯುತ್ತಾರೆ, ಜಿಪಿಎಸ್ ಉಪಕರಣದಿಂದ ಸ್ಥಾನವನ್ನು ಗುರುತಿಸುತ್ತಾರೆ, ಮಣ್ಣಿನ ಆಳ, ಒರತೆ, ಬಿರುಕುಗಳ ವಿವರಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈ ಟಿಪ್ಪಣಿಗಳು ಕಂಪ್ಯೂಟರಿನ ನಕ್ಷಾ ತಂತ್ರಾಂಶವನ್ನು ಸೇರಿ, ಕೆಂಪು, ಹಳದಿ, ಹಸಿರು ಬಣ್ಣಗಳ ನಕ್ಷೆಯಾಗಿ ಹೊರಬರುತ್ತವೆ. ಯಾವ ಕೇರಿ ಜಾಗ ಬಿಡಬೇಕು, ಎಲ್ಲಿ ಕಲ್ಲುಗಣಿಗೆ ಅನುಮತಿ ಕೊಡಬಹುದು, ರಸ್ತೆ ಯಾವ ಇಳಿಜಾರಿನಲ್ಲಿ ಹಾಯಬೇಕು ಎಂಬ ತೀರ್ಮಾನಗಳು ಹೆಚ್ಚುಹೆಚ್ಚಾಗಿ ಆ ಬಣ್ಣಗಳನ್ನು ನೋಡಿಯೇ ಆಗಲಿವೆ. ಆದುದರಿಂದ ಟಿಪ್ಪಣಿ ಪುಸ್ತಕದಿಂದ ನಕ್ಷೆಯವರೆಗಿನ ಪಯಣವನ್ನು ಕೇವಲ ತಂತ್ರಜ್ಞರ ಖಾಸಗಿ ವ್ಯವಹಾರವೆಂದು ಬಿಟ್ಟುಬಿಡಲಾಗದು.

ದೇಶದಲ್ಲಿ ಈ ದಿಕ್ಕಿನಲ್ಲಿ ನಡೆದಿರುವ ಕೆಲಸ ಅಲ್ಪವೇನಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು 2014ರಲ್ಲಿ ಕೈಗೆತ್ತಿಕೊಂಡ ಯೋಜನೆಯಡಿ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಪ್ರದೇಶದ ಭೂಕುಸಿತ ಸಾಧ್ಯತೆಯನ್ನು ನಕ್ಷೆಗಿಳಿಸಿತು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2023ರಲ್ಲಿ ಪ್ರಕಟಿಸಿದ ಭೂಕುಸಿತ ಅಟ್ಲಾಸ್‌ನಲ್ಲಿ ಸುಮಾರು 80,000 ಕುಸಿತಗಳ ಮಾಹಿತಿ ಇದೆ. ಆದರೆ ಸರ್ವೇಕ್ಷಣಾ ಇಲಾಖೆಯ ನಕ್ಷೆಯ ಪ್ರಮಾಣ 1:50,000. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲಿನ 50 ಮೀಟರ್. ಮನೆ, ಮನೆಯ ಹಿಂದಿನ ಧರೆ, ಧರೆಯ ಮೇಲಿನ ಒರತೆ ಎಲ್ಲವೂ ಒಂದೇ ಚುಕ್ಕೆಯಲ್ಲಿ ಅಡಗಿಬಿಡುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಆ ಚುಕ್ಕೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಚಿತ್ರ ದೊಡ್ಡದಾಗುತ್ತದೆ, ತಿಳಿವಳಿಕೆ ಮಾತ್ರ ಇದ್ದಷ್ಟೇ ಇರುತ್ತದೆ. ತಾಲ್ಲೂಕಿಗೆಂದು ಮಾಡಿದ ನಕ್ಷೆಯನ್ನು ಹಿಗ್ಗಿಸಿ ಒಂದು ಮನೆಯ ಭವಿಷ್ಯ ಹೇಳುವುದು ವಿಜ್ಞಾನವಲ್ಲ.

ದತ್ತಾಂಶವನ್ನು ತಂತ್ರಾಂಶಕ್ಕೆ ತುಂಬುವಾಗ ನುಸುಳುವ ತಪ್ಪುಗಳು ಸಣ್ಣವಾಗಿ ಕಾಣುತ್ತವೆ, ಪರಿಣಾಮ ಸಣ್ಣದಲ್ಲ. 13 ಡಿಗ್ರಿ 30 ಮಿನಿಟು ಎಂದು ಪುಸ್ತಕದಲ್ಲಿರುವ ಅಕ್ಷಾಂಶವನ್ನು 13.30 ಎಂದು ಬೆರಳಚ್ಚು ಮಾಡಿದರೆ ಸಾಕು, ಕುಸಿದ ಗುಡ್ಡವು 22 ಕಿಲೋಮೀಟರ್ ದಕ್ಷಿಣಕ್ಕೆ ಸರಿದುಬಿಡುತ್ತದೆ. ಬರೆಯಬೇಕಾದದ್ದು 13.50. ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್ ಮಾನದಂಡವನ್ನು ಅನುಸರಿಸಿದರೆ, ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೊಂದು ಮಾನದಂಡವನ್ನು. ಇವೆರಡನ್ನು ಹೊಂದಿಸದೆ ಬೆರೆಸಿದಲ್ಲಿ ಪಶ್ಚಿಮ ಘಟ್ಟದಲ್ಲಿ ಒಂದೇ ಸ್ಥಳದ ಗುರುತು ನೂರು ಮೀಟರಿಗೂ ಮೀರಿ ಪಲ್ಲಟವಾಗುತ್ತದೆ. ಕಣಿವೆಯ ಈಚೆಗಿನ ಬಿರುಕು ಆಚೆ ದಡದವರ ತಲೆಗೆ ಬೀಳಲು ಅಷ್ಟು ಸಾಕು.

ಶಿಲೆಯ ಬಾಗಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಾಲಿದ ಪದರದ ಮೇಲೆ ಎಳೆಯಬಹುದಾದ ಸಮತಲ ಗೆರೆಯ ದಿಕ್ಕನ್ನು ಭೂವಿಜ್ಞಾನಿಗಳು ಸ್ಟ್ರೈಕ್ ಎಂದೂ ಪದರ ಬಾಗಿರುವ ಕೋನವನ್ನು ಡಿಪ್ ಎಂದೂ ಕರೆಯುತ್ತಾರೆ. ಸ್ಟ್ರೈಕ್ 340, ಡಿಪ್ 40 ಎಂದಷ್ಟೇ ಬರೆದು ಬಾಗಿದ ದಿಕ್ಕನ್ನು ಬಿಟ್ಟರೆ, ಪದರವು ಪೂರ್ವಕ್ಕೆ ವಾಲಿರಲೂಬಹುದು, ಪಶ್ಚಿಮಕ್ಕೆ ವಾಲಿರಲೂಬಹುದು. ಘಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಪದರ ಪೂರ್ವಕ್ಕೆ ಬಾಗಿದ್ದರೆ ಅದು ಗುಡ್ಡದ ಒಡಲಿಗೆ ಒರಗಿದೆ ಎಂದರ್ಥ. ಪಶ್ಚಿಮಕ್ಕೆ ಬಾಗಿದ್ದರೆ ಇಳಿಜಾರಿನೊಂದಿಗೇ ಜಾರಲು ಕಾದಿದೆ ಎಂದರ್ಥ. ತಂತ್ರಾಂಶ ಯಾವ ಅನುಮಾನವನ್ನೂ ತೋರದೆ ಎರಡರಲ್ಲಿ ಒಂದನ್ನು ಅಂದವಾಗಿ ಬರೆದುಕೊಡುತ್ತದೆ.

ಅಳತೆಯನ್ನು ಎಲ್ಲಿ ನಿಂತು ತೆಗೆದುಕೊಂಡರು ಎಂಬುದೂ ಮುಖ್ಯ. ಕುಸಿತಕ್ಕೆ ನೆತ್ತಿಯಿದೆ, ಹಾದಿಯಿದೆ, ಪಾದವಿದೆ. ಜೀಪು ನಿಲ್ಲುವ ರಸ್ತೆಯಲ್ಲಿಯೇ, ಅಂದರೆ ಪಾದದಲ್ಲಿಯೇ, ಸ್ಥಾನ ಗುರುತಿಸಿಕೊಂಡು ಹೋದರೆ ಆ ಬಿಂದುವಿಗೆ ತಂತ್ರಾಂಶ ಕಟ್ಟುವ ಇಳಿಜಾರು ರಸ್ತೆಯ ಇಳಿಜಾರು. ಅಂತಹ ನೂರಾರು ಬಿಂದುಗಳಿಂದ ಲೆಕ್ಕ ಹಾಕಿದ ನಕ್ಷೆ ಚಪ್ಪಟೆ ನೆಲವನ್ನು ಅಪಾಯವೆಂದೂ ಕಡಿದಾದ ನೆತ್ತಿಯನ್ನು ಸುರಕ್ಷಿತವೆಂದೂ ತಿಳಿಯುವ ಸಂಭವವಿದೆ. ಹಾಗೆಂದು ನೆತ್ತಿಯನ್ನಷ್ಟೇ ಗುರುತಿಸಿದರೂ ಸಾಲದು. ವಯನಾಡಿನಲ್ಲಿ ಕೊಚ್ಚಿಹೋದ ಮನೆಗಳು ಕುಸಿತ ಆರಂಭವಾದ ಜಾಗದಿಂದ ಕಿಲೋಮೀಟರುಗಟ್ಟಲೆ ಕೆಳಗಿದ್ದವು. ಮೂರನ್ನೂ ನಡೆದು ನೋಡಿ, ಚುಕ್ಕೆಯ ಬದಲು ಕುಸಿತದ ಇಡೀ ಆಕಾರವನ್ನು ಗೆರೆಯಲ್ಲಿ ಹಿಡಿಯುವುದೇ ಸರಿಯಾದ ಕ್ರಮ.

ಗುಡ್ಡ ಕಡಿಯುವವರಿಗೆ ಅನುಕೂಲವಾಗುವ ದೋಷವೊಂದು ಈ ನಕ್ಷೆಗಳಲ್ಲಿ ಸದ್ದಿಲ್ಲದೆ ಉಳಿಯಬಲ್ಲದು. ಇಳಿಜಾರನ್ನು ಲೆಕ್ಕ ಹಾಕಲು ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯನ್ನು ಎಂಡೆವರ್ ಬಾಹ್ಯಾಕಾಶ ನೌಕೆಯು 2000ದ ಫೆಬ್ರುವರಿಯಲ್ಲಿ ಸಂಗ್ರಹಿಸಿತು. ಅದರ ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲ. ಆ ಬಳಿಕ ರಸ್ತೆ ಅಗಲೀಕರಣಕ್ಕಾಗಿ, ಹೋಂಸ್ಟೇಗಾಗಿ, ಕಟ್ಟಡಕ್ಕಾಗಿ ನೇರವಾಗಿ ಕಡಿದು ನಿಲ್ಲಿಸಿದ ಧರೆಗಳು ಅದರಲ್ಲಿ ಇಲ್ಲವೇ ಇಲ್ಲ. ಹೊಸ ಉಪಗ್ರಹದ ಮಾಹಿತಿಯಾದರೂ ಚೌಕ ಅಷ್ಟೇ ದೊಡ್ಡದಾಗಿದ್ದರೆ, ಮನೆಯ ಹಿಂದಿನ ಐದು ಮೀಟರಿನ ಧರೆ ಕಣ್ಣಿಗೆ ಬೀಳದು. ಕ್ಷೇತ್ರಕ್ಕೆ ಹೋದವರು ಅಳೆದು ಬರೆಯದಿದ್ದರೆ, ಮನುಷ್ಯ ಕಡಿದ ಗುಡ್ಡವೂ ಪ್ರಕೃತಿಯ ಲೆಕ್ಕಕ್ಕೇ ಜಮೆಯಾಗುತ್ತದೆ. ದುರಂತಕ್ಕೆ ಮಳೆಯೊಂದೇ ಕಾರಣವೆಂಬ ಮಾತಿಗೆ ನಕ್ಷೆಯೂ ಸಾಕ್ಷಿ ಹೇಳಿಬಿಡುತ್ತದೆ.

ಉಪಗ್ರಹ ಕಾಣದ್ದನ್ನು ಕಂಡವರು ಊರಿನಲ್ಲಿದ್ದಾರೆ. ಜಂಬಿಟ್ಟಿಗೆಯ ಅಡಿಯಲ್ಲಿರುವ ಶೇಡಿ ಮಣ್ಣು ನೀರು ಕುಡಿದರೆ ನಿಲ್ಲದು ಎಂಬುದು ಕರಾವಳಿಯ, ಘಟ್ಟದಂಚಿನ ಬಾವಿ ತೋಡುವವರಿಗೆ ತಿಳಿದ ಮಾತು. ಯಾವ ಒರತೆ ಒಮ್ಮೆಲೇ ಕೆಂಪಾಯಿತು, ಯಾವ ಬ್ಯಾಣದಲ್ಲಿ ಬಿರುಕು ಬಿಟ್ಟಿತು, ಯಾವ ಮರ ವರ್ಷದಿಂದ ವರ್ಷಕ್ಕೆ ವಾಲುತ್ತಿದೆ ಎಂಬುದನ್ನು ತೋಟದ ಕೆಲಸದವರು ಹೇಳಬಲ್ಲರು. ಈ ಮಾಹಿತಿಗೂ ದತ್ತಾಂಶದ ಪಟ್ಟಿಯಲ್ಲಿ ಒಂದು ಕಾಲಂ ಇರಬೇಕು; ಹೇಳಿದ ದಿನ, ಕಂಡ ವರ್ಷ, ಊರಿನವರು ಬಳಸಿದ ಪದ ಹಾಗೆಯೇ ದಾಖಲಾಗಬೇಕು. ಹಾಗೆಯೇ ‘ಬಿರುಕು ಇಲ್ಲ’ ಎಂಬುದು ಬೇರೆ, ‘ನೋಡಿಲ್ಲ’ ಎಂಬುದು ಬೇರೆ. ಖಾಲಿ ಬಿಟ್ಟ ಜಾಗವನ್ನು ಸೊನ್ನೆಯೆಂದು ಓದಿದಾಗ, ಯಾರೂ ಕಾಲಿಡದ ಇಳಿಜಾರು ಹಸಿರು ಬಣ್ಣ ತಳೆದು ಕ್ಷೇಮವೆನಿಸಿಕೊಳ್ಳುತ್ತದೆ.

ಮಲೆನಾಡಿನ ವಿದ್ಯಾರ್ಥಿಗಳಿಗೆ ಇದು ಕೈಗೆಟುಕದ ಕೆಲಸವಲ್ಲ. ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶ ಉಚಿತವಾಗಿ ಲಭ್ಯವಿದೆ. ಸಾಮಾನ್ಯ ಪಟ್ಟಿಯೊಂದರಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಜಿಪಿಎಸ್ ತೋರಿಸಿದ ನಿಖರತೆ, ಶಿಲೆ, ಮಣ್ಣು, ಬಾಗು ಮತ್ತು ಅದರ ದಿಕ್ಕು, ಒರತೆ, ಕಡಿತದ ಎತ್ತರ ಇವನ್ನು ತುಂಬಿದರೆ ಅದು ನೇರವಾಗಿ ನಕ್ಷೆಯ ಮೇಲೆ ಬಿಂದುಗಳಾಗಿ ಕೂರುತ್ತದೆ. ದಟ್ಟ ಕಾಡಿನಡಿ ಜಿಪಿಎಸ್ ತಡವರಿಸುವುದರಿಂದ ನಿಖರತೆಯ ಕಾಲಂ ಬಿಡುವಂತಿಲ್ಲ. ನಕ್ಷೆಯಾದ ಮೇಲೂ ಮೂಲ ಟಿಪ್ಪಣಿ ಪುಸ್ತಕವನ್ನು ಕಾಪಾಡಬೇಕು. ಕೊನೆಗೆ, ಮುದ್ರಿಸಿದ ನಕ್ಷೆಯನ್ನು ಹಿಡಿದು ಅದೇ ಗುಡ್ಡವನ್ನು ಊರಿನವರೊಂದಿಗೆ ಮತ್ತೊಮ್ಮೆ ಹತ್ತಬೇಕು. ತಪ್ಪು ಸಿಕ್ಕುವುದು ಅಲ್ಲಿಯೇ.

ಗ್ರಾಮಸ್ಥರಲ್ಲಿ ಒಂದು ಅಳುಕು ಇದೆ, ಅದು ನಿರಾಧಾರವೂ ಅಲ್ಲ. ಕೆಂಪು ಬಣ್ಣ ಬಿದ್ದರೆ ಜಮೀನಿಗೆ ಬೆಲೆ ಹೋಗುವುದು, ಒಕ್ಕಲೆಬ್ಬಿಸಲು ನೆಪ ಸಿಗುವುದು ಎಂಬ ಭಯ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಸಲ್ಲಿಸಿದ ವರದಿ 2012ರ ಮೇ ತಿಂಗಳವರೆಗೆ ಸಾರ್ವಜನಿಕರ ಕೈಗೆ ಬರಲಿಲ್ಲ. ಘಟ್ಟವನ್ನು ಸುಮಾರು 9 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿದ ಆ ನಕ್ಷೆಯನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂಬುದು ಸಮಿತಿಯದೇ ಆಶಯವಾಗಿತ್ತು. ನಕ್ಷೆಗಿಂತ ಮೊದಲು ವದಂತಿ ಊರು ಮುಟ್ಟಿತು. ಅಪನಂಬಿಕೆಗೆ ಬೀಜ ಬಿದ್ದದ್ದು ಅಲ್ಲಿ. ಆದರೆ ಬಿರುಕನ್ನು ಮುಚ್ಚಿಟ್ಟರೆ ಜಮೀನು ಉಳಿಯುವುದಿಲ್ಲ, ಮಳೆಗೆ ಮುಚ್ಚುಮರೆಯಿಲ್ಲ. ನಕ್ಷೆ ಬೇಡವೆನ್ನುವ ಬದಲು ಅದು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ತಿದ್ದಲು ಅವಕಾಶವಿರುವಂತೆ ಬರಲಿ ಎಂದು ಕೇಳುವುದು ವಿವೇಕ. 2002ರ ಜೀವವೈವಿಧ್ಯ ಕಾಯಿದೆಯಡಿ ಊರಿನ ಗಿಡಮೂಲಿಕೆಗಳನ್ನು ದಾಖಲಿಸಲು ಪಂಚಾಯಿತಿ ಮಟ್ಟದಲ್ಲಿಯೇ ಸಮಿತಿಗಳಿವೆ. ಇಳಿಜಾರುಗಳನ್ನು ದಾಖಲಿಸಲೂ ಅಂತಹದೊಂದು ವ್ಯವಸ್ಥೆ ಅಸಾಧ್ಯವೇನಲ್ಲ.

ಆಡಳಿತದ ಹೊಣೆಯೂ ಸ್ಪಷ್ಟವಿದೆ. ಬಣ್ಣದ ಚಿತ್ರದೊಂದಿಗೆ ಅದರ ಹಿಂದಿನ ಅಳತೆಗಳನ್ನೂ ಪ್ರಕಟಿಸಬೇಕು. ನಕ್ಷೆಯ ಮೂಲೆಯಲ್ಲಿ ಪ್ರಮಾಣವನ್ನೂ ಮಾಹಿತಿಯ ವರ್ಷವನ್ನೂ ಕಾಣುವಂತೆ ಬರೆಯಬೇಕು. ಒಂದು ಕುಟುಂಬವನ್ನು ಜಾಗ ಬಿಡಿಸುವ ಮುನ್ನ, ಇಲ್ಲವೇ ಒಂದು ಗುಡ್ಡವನ್ನು ಕಡಿಯಲು ಅನುಮತಿ ಕೊಡುವ ಮುನ್ನ, ಯಾರಾದರೂ ಆ ಇಳಿಜಾರನ್ನು ಕಾಲ್ನಡಿಗೆಯಲ್ಲಿ ನೋಡಿರಬೇಕು. ಮಳೆಗಾಲ ಕಳೆದು ಹುಲ್ಲು ಬಿರುಕುಗಳನ್ನು ಮುಚ್ಚುವ ಮೊದಲಿನ ವಾರಗಳು ಈ ಕೆಲಸಕ್ಕೆ ಸಕಾಲ. ಈ ವರ್ಷ ಅವು ವ್ಯರ್ಥವಾಗದಿರಲಿ.